ಕರಿಯದ ರೋಲ್

ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎನ್ನುತ್ತಾರೆ. ನಾನು ಅದನ್ನು ನಂಬುವವಳಲ್ಲ. ಆದರೂ ನಾಳೆ ಬಸುರಿ ಮೊಮ್ಮಗಳ ಕುಬಸ, ಅಂದರೆ ಸೀಮಂತ ಎನ್ನುವಾಗ, ಹಾನಗಲ್ಲಿನ ಮನೆಗೆ ಬೀಗ ಹಾಕಿ ಅವಳ ಜೊತೆ ಹಿರೇಕೆರೂರಿನ ಬಸ್ಸು ಹತ್ತಿದೆ.

ಅವಳಿಗೆ ಬೇಕಾಗಿದ್ದು ವಿಯೆಟ್ನಾಂ ರೋಲ್. ಗೋವಾದ ಹೋಟೆಲ್ಲಿನಲ್ಲಿ ಕೆಲಸಕ್ಕಿದ್ದಾಗ ತಿಂದಿದ್ದಳಂತೆ. ತೆಳ್ಳಗಿನ ಅಕ್ಕಿ ಹಾಳೆಯಲ್ಲಿ ಹಸಿ ಸೊಪ್ಪು, ಗಜ್ಜರಿ, ಸೌತೆಕಾಯಿ ಸುತ್ತುತ್ತಾರೆ, ಕರಿಯುವುದಿಲ್ಲ. ಒಳಗಿನ ಗಜ್ಜರಿ ಹೊರಗಿನಿಂದಲೇ ಕಾಣಬೇಕು. ನಾನು ಮಾಡಿದ ಕಡಬು, ಚಕ್ಕುಲಿ ಯಾವುದಕ್ಕೂ ಅವಳು ಕೈ ಹಾಕಲಿಲ್ಲ.

ನಮ್ಮೂರಲ್ಲಿ ಕೇಳಿದರೆ ಮೈದಾ ಹಾಳೆಗೆ ಕೋಸು ತುಂಬಿ ಕರಿದು ಕೊಟ್ಟಿದ್ದರು. ಸವಣೂರಿನಲ್ಲೂ ಅದೇ, ಮೇಲೊಂದಿಷ್ಟು ಕೆಂಪು ಸಾಸ್. ಶಿಗ್ಗಾಂವಿಯ ಹೈವೇ ಹೋಟೆಲ್ಲಿನ ಬೋರ್ಡಿನ ಮೇಲೆ ಸರಿಯಾದ ಚಿತ್ರವೇ ಇತ್ತು. ತಟ್ಟೆಗೆ ಬಂದದ್ದು ಮಾತ್ರ ಕರಿದದ್ದು.

"ಚಿತ್ರಾ ತಿನ್ನಾಕ ಬರೂದಿಲ್ಲಲ್ಲೋ" ಎಂದು ಬೈದೆ. ಆಗ ಅಲ್ಲಿಯವನೇ, ಹಿರೇಕೆರೂರಿನಲ್ಲಿ ಒಬ್ಬ ಅಡುಗೆಯವನು ಅದನ್ನು ಮಾಡುತ್ತಾನೆ ಎಂದು ಹೇಳಿ ಕಳಿಸಿದ್ದ.

ಬಸ್ ಸ್ಟ್ಯಾಂಡಿನ ಹಿಂದಿನ ಚಿಕ್ಕ ಹೋಟೆಲ್ಲು. ಅಡುಗೆಯವನು ಕೈ ಒರೆಸುತ್ತ ಹೊರಗೆ ಬಂದ.

"ಮಾಡ್ತಿದ್ನಿ ಅಜ್ಜಿ. ಮುಂದ ಇಟ್ಟ ಕೂಡ್ಲೆ ಮಂದಿ, ಹಸೀದ್ಯಾಕ ತಂದಿ, ಎಣ್ಣ್ಯಾಗ ಬಿಟ್ಟು ತಾ ಅಂತಿದ್ರು. ಬ್ಯಾಸತ್ತು ಹಾಳಿ ತರ್ಸೂದ ಬಿಟ್ನಿ."

"ಒಂದ್ ಹಾಳಿನೂ ಉಳದಿಲ್ಲೇನೋ ತಮ್ಮಾ? ನಾಳೆ ಹುಡುಗಿ ಕುಬಸ ಐತಿ."

"ಉಳದಿದ್ದೂ ಹೋದ ವಾರ ಕರದು ಖಾಲಿ ಮಾಡೇನಿ. ಆವಾಗ ಬಂದಿದ್ರ ಮಾಡಿ ಕೊಡ್ತಿದ್ನಿ."

ಹೋದ ವಾರ ನಾವು ಸವಣೂರಿನಲ್ಲಿ ಸಾಸ್ ನೆಕ್ಕುತ್ತಿದ್ದೆವು.

ಮೊಮ್ಮಗಳು ನಕ್ಕಳು. "ನಮ್ಮ ಮಂದಿ ನೀರಿದ್ರೂ ಕರದ ಕುಡೀತಾರ ಬಿಡಜ್ಜಿ. ಮಿರ್ಚಿ ಭಜಿ ಹೇಳು."

ಮಿರ್ಚಿ ತಿಂದು ಬಂದೆವು. ಬಸ್ಸಿನಲ್ಲಿ ನಾನು ಆ ಮಂದಿಯನ್ನು ಮನಸ್ಸಿನಲ್ಲೇ ಬೈದೆ. ಅರ್ಧ ದಾರಿಗೆ ಬಂದಾಗ ಬೈಗುಳ ನಿಂತಿತು. ಹಸಿ ಸೊಪ್ಪಿನ ರೋಲನ್ನು ಬಸುರಿಯ ಮುಂದೆ ಇಟ್ಟಿದ್ದರೆ, ಕರಿದು ತಾ ಎಂದು ಮೊದಲು ಕೂಗುತ್ತಿದ್ದವಳು ನಾನೇ.

ಮರುದಿನ ಹಸಿರು ಬಳೆ ಇಡಿಸಿ ಉಡಿ ತುಂಬಿದೆವು. ಓಣಿಯ ಹೆಂಗಸೊಬ್ಬಳು ಕೇಳಿದಳು. "ಏನವಾ, ಬಯಕಿ ಎಲ್ಲಾ ತೀರಿತಿಲ್ಲೋ?"

"ತೀರಿತ್ರಿ" ಎಂದಳು ಹುಡುಗಿ, ನನ್ನ ಕಡೆ ನೋಡದೆ.

ನಾನು ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದೆ. ಅರ್ಧ ಬಿಟ್ಟಳು.