ಎರಡನೇ ನಂಬರಿನ ಕಡತಗಳು

1987ರ ಜುಲೈ ಆರರಂದು, ಸೋಮವಾರ, ತಿಪಟೂರಿನಲ್ಲಿದ್ದ ನಮ್ಮ ತೆಂಗು ಸರ್ವೆ ಕಚೇರಿಯ ಕಂಪ್ಯೂಟರಿನಲ್ಲಿ ಕಂಪನಿಯ ಇಂಜಿನಿಯರು ಬಂದು ಹಳೆಯ ಆಪರೇಟಿಂಗ್ ಸಿಸ್ಟಮ್ ತೆಗೆದು ಹೊಸದನ್ನು ಹಾಕಿದರು. ಕಡತಗಳನ್ನೆಲ್ಲ ಒಂದು ಟೇಪಿಗೆ ಇಳಿಸಿಕೊಂಡು, ಹೊಸದಕ್ಕೆ ಏರಿಸಿದ್ದು ಯಂತ್ರ ನೋಡಿಕೊಳ್ಳುತ್ತಿದ್ದ ನಾನು.

ಯಂತ್ರ ಬಳಸುವ ಪ್ರತಿಯೊಬ್ಬರಿಗೂ ಒಂದು ಖಾತೆ, ಒಂದು ನಂಬರು ಇತ್ತು. ಯಾವ ಕಡತ ಯಾರದೆಂದು ಯಂತ್ರ ತಿಳಿಯುವುದು ನಂಬರಿನಿಂದ, ಹೆಸರಿನಿಂದಲ್ಲ. ಟೇಪಿನಲ್ಲಿ ಹೋದದ್ದೂ ನಂಬರೇ. ಹಳೆಯದರಲ್ಲಿ ಸಾಹೇಬರದು ಒಂದು, ತೋಟಗಳಿಗೆ ಹೋಗಿ ಮರ ನೋಡಿ ಬರುವ ಹಿರಿಯ ವೀಕ್ಷಕರದು ಎರಡು, ಹೆಡ್ ಗುಮಾಸ್ತರದು ಮೂರು. ಗುಮಾಸ್ತರು ತಮ್ಮ ಖಾತೆಯಲ್ಲಿ ಇನ್ನೂ ಏನನ್ನೂ ಇಟ್ಟಿರಲಿಲ್ಲ. ಹೊಸ ಖಾತೆ ತೆರೆಯುವಾಗ ಗುಮಾಸ್ತರು ನನ್ನ ಪಕ್ಕದಲ್ಲೇ ನಿಂತಿದ್ದರು.

"ಇಪ್ಪತ್ತು ವರ್ಷ ಸರ್ವಿಸ್ ಆಗಿರೋನು ಮೂರು, ಮರ ಎಣಿಸೋರು ಎರಡು. ಚೆನ್ನಾಗೈತೇನ್ರೀ? ಹಾಜರಿ ಪುಸ್ತಕದಲ್ಲಿರೋ ಹಂಗೆ ಹಾಕಿ."

ಹಾಗೆಯೇ ಹಾಕಿದೆ: ಗುಮಾಸ್ತರಿಗೆ ಎರಡು, ವೀಕ್ಷಕರಿಗೆ ಮೂರು. ಕಡತಗಳೆಲ್ಲ ಬಂದಿವೆಯೇ ಎಂದು ಎಣಿಸಿ ನೋಡಿದೆ. ಯಾರ ಹೆಸರಿಗೆ ಬಂದಿವೆ ಎಂದು ನೋಡಲಿಲ್ಲ.

ವೀಕ್ಷಕರು ಮೂರು ವರ್ಷ ಹೊನ್ನವಳ್ಳಿಯ ತೋಟಗಳಲ್ಲಿ ಕಾಂಡದಿಂದ ರಸ ಸೋರುವ ಮರಗಳಿಗೆ ಟಾರಿನಲ್ಲಿ ನಂಬರು ಬರೆದು, ಬೇರಿಗೆ ಔಷಧಿ ಕೊಟ್ಟು, ಹದಿನೈದು ದಿನಕ್ಕೊಮ್ಮೆ ರಸದ ಕಲೆಯ ಅಳತೆ ತೆಗೆದು ಯಂತ್ರಕ್ಕೆ ಹಾಕಿದ್ದರು. ಮರ ಕಡಿಯಬೇಕೋ ಉಳಿಸಿಕೊಳ್ಳಬೇಕೋ ಎಂದು ಕೇಳಿದ ತೋಟದವರಿಗೆ, ತಮ್ಮ ವರದಿ ಬರುವವರೆಗೆ ಕೊಡಲಿ ಹಾಕಬೇಡಿ ಎಂದು ಹೇಳಿದ್ದರು. ಮಾರ್ಚ್‌ಗೆ ಅವರ ನಿವೃತ್ತಿ. ಅಷ್ಟರೊಳಗೆ ವರದಿ ಕೊಡಬೇಕಿತ್ತು.

ಏಳನೇ ತಾರೀಕು ಅವರು ಯಂತ್ರದ ಮುಂದೆ ಕೂತು ತಮ್ಮ ಕಡತ ತೆರೆಯಲು ನೋಡಿದರು. ಅನುಮತಿ ಇಲ್ಲವೆಂದು ಪರದೆಯ ಮೇಲೆ ಬಂತು. ಜೂನ್‌ನಲ್ಲಿ ಜೀಪಿನ ವಿಷಯಕ್ಕೆ ಸಾಹೇಬರ ಜೊತೆ ಅವರಿಗೆ ಮಾತಿಗೆ ಮಾತು ಬೆಳೆದಿತ್ತು. ಇದು ಸಾಹೇಬರದೇ ಆಜ್ಞೆ ಎಂದುಕೊಂಡು ಯಾರನ್ನೂ ಕೇಳಲಿಲ್ಲ. ದಿನಾ ಬಂದು ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದರು. ಕೆಲಸ ಮುಗಿಸಿ ಏಳುತ್ತಾರೆಂದು ನಾನು ತಿಳಿದಿದ್ದೆ.

ಹದಿನೇಳರಂದು ಡಿಸ್ಕ್ ತುಂಬಿತು. ಅವರವರಿಗೆ ಬೇಡವಾದ ಕಡತಗಳನ್ನು ಅಳಿಸಿ ಎಂದು ಎಲ್ಲರಿಗೂ ಹೇಳಿದೆ. ಮಾರನೇ ದಿನ ಜಾಗ ಆಗಿತ್ತು. ಅಂದು ಸಂಜೆ ಎಂದಿನಂತೆ ಅದೇ ಟೇಪಿನಲ್ಲಿ ಹಳೆಯ ಪ್ರತಿಯ ಮೇಲೆ ಕಡತಗಳ ಹೊಸ ಪ್ರತಿ ತೆಗೆದೆ. ಕಚೇರಿಯಲ್ಲಿದ್ದದ್ದು ಅದೊಂದೇ ಟೇಪು.

ಇಪ್ಪತ್ತರಂದು ವೀಕ್ಷಕರು ನನ್ನ ಮೇಜಿನ ಬಳಿ ಬಂದರು.

"ಸಾಹೇಬ್ರ ಕೋಪ ಇಳೀತೇನಪ್ಪ? ನಂಗೆ ಯಾವಾಗ ತೆಗ್ದುಕೊಡ್ತಾರೆ?"

"ಏನು ಸಾರ್?"

"ನನ್ನ ಮರಗಳ್ನ."

ಹುಡುಕಿದೆ. ಇರಲಿಲ್ಲ. ಎರಡನೇ ನಂಬರು ಈಗ ಗುಮಾಸ್ತರದೆಂದು ಆಗ ಹೊಳೆದು ಅವರನ್ನು ಕೇಳಿದೆ.

"ಅವು ಇವರವಾ? ನನ್ನ ಹೆಸ್ರಲ್ಲಿದ್ವು ಕಣ್ರೀ. ಬರೀ ಅಂಕಿ. ಇಂಜಿನಿಯರು ಬಿಟ್ಟೋದ ಕಸ ಅಂತ ಅಳಿಸ್ಬುಟ್ಟೆ. ನೀವೇ ತಾನೇ ಅಳಿಸಿ ಅಂದಿದ್ದು?"

ತೋಟದಲ್ಲಿ ಬರೆದುಕೊಂಡ ಪುಸ್ತಕಗಳು ಇರುತ್ತವಲ್ಲ ಎಂದು ವೀಕ್ಷಕರನ್ನು ಕೇಳಿದೆ.

"ಎಲ್ಲಾ ಮೆಷಿನ್ನಿಗೆ ಹೋಯ್ತು, ಇನ್ಯಾಕವು ಅಂತ ನೀನೇ ಅಂದಿದ್ದೆ ಕಣಪ್ಪ. ನಮ್ಮನೆಯೋಳು ನೀರೊಲೆಗೆ ಹಾಕುದ್ಲು."

ಅವರ ಧ್ವನಿ ಏರಲಿಲ್ಲ. ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಟೇಪನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿಸಿದೆ. ಯಂತ್ರ ಕೊಟ್ಟ ಕಂಪನಿಗೆ ಬರೆದೆ. ಅಳಿಸಿದ್ದು ವಾಪಸು ಬರುವುದಿಲ್ಲವೆಂದು ಒಂದೇ ಸಾಲಿನ ಉತ್ತರ ಬಂತು.

ವೀಕ್ಷಕರು ಆಗಸ್ಟ್‌ನಲ್ಲಿ ಒಂದನೇ ಮರದಿಂದ ಮತ್ತೆ ಅಳತೆ ಶುರು ಮಾಡಿದರು. ಹಿಂದಿನ ಅಳತೆ ಇಲ್ಲದೆ ಕಲೆ ಹಿಗ್ಗಿದೆಯೋ ಕುಗ್ಗಿದೆಯೋ ಹೇಳುವಂತಿರಲಿಲ್ಲ. 1988ರ ಮಾರ್ಚ್‌ನಲ್ಲಿ ನಿವೃತ್ತರಾದರು. ವರದಿ ಬರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ನಾನು ಹೊನ್ನವಳ್ಳಿಗೆ ಹೋಗಿದ್ದೆ. ರಸ್ತೆ ಬದಿಯಲ್ಲಿ ಕಡಿದು ಉರುಳಿಸಿದ್ದ ತೆಂಗಿನ ಕಾಂಡಗಳ ಮೇಲೆ ಟಾರಿನ ಅಂಕಿಗಳು ಇನ್ನೂ ಓದಲು ಬರುತ್ತಿದ್ದವು.