ನೆಗೆಣ್ಣಿಯ ಜೊತೆ ಹುಲಿಮನಿ

ಹುಲಿಮನಿ ಆಟಕ್ಕೆ ಇಬ್ಬರು ಸಾಕು. ಗುಡ್ಡದ ಹಾಗೆ ಚೂಪಾದ ಮೂರು ಮೂಲೆಯ ಮನೆ ಬರೆಯಬೇಕು. ತುದಿಯಿಂದ ಕೆಳಕ್ಕೆ ನಡುವೆ ಇನ್ನೆರಡು ಗೆರೆ ಎಳೆದು, ಎಲ್ಲವನ್ನೂ ಕತ್ತರಿಸಿ ಆಚೀಚೆ ಚಾಚುವ ಹಾಗೆ ಮೂರು ಅಡ್ಡ ಗೆರೆ ಹಾಕಿ, ಅವುಗಳ ತುದಿಗಳನ್ನು ಎರಡೂ ಕಡೆ ಕೂಡಿಸಬೇಕು. ಗೆರೆಗೆ ಗೆರೆ ಕೂಡಿದಲ್ಲಿ ಕಾಯಿ ಕೂರುತ್ತದೆ. ಒಬ್ಬರಿಗೆ ಮೂರು ಹುಲಿ, ಇನ್ನೊಬ್ಬರಿಗೆ ಹದಿನೈದು ಕುರಿ. ಹುಲಿಗೆ ನಾವು ಕೆಂಪು ಕಲ್ಲಿನ ಚೂರು ಇಡುತ್ತೇವೆ, ಕುರಿಗೆ ಹುಣಸೆ ಬೀಜ.

ಕುರಿಯವರು ಒಂದೊಂದೇ ಬೀಜ ಇಡುತ್ತ ಹೋಗಬೇಕು. ಒಂದು ಬೀಜ ಇಟ್ಟರೆ ಎದುರಿನವರು ಒಂದು ಹುಲಿ ನಡೆಸಬೇಕು. ಎಲ್ಲ ಬೀಜ ಇಳಿಯುವ ತನಕ ಕುರಿ ಅಲುಗುವಂತಿಲ್ಲ. ಕುರಿಯ ಬೆನ್ನ ಹಿಂದೆ ಖಾಲಿ ಜಾಗವಿದ್ದರೆ ಹುಲಿ ಅದನ್ನು ಜಿಗಿದು ತಿನ್ನುತ್ತದೆ. ಕುರಿಗೆ ತಿನ್ನುವ ಹಕ್ಕಿಲ್ಲ. ಸುತ್ತ ನಿಂತು, ಮೂರೂ ಹುಲಿ ಎತ್ತಲೂ ಹೋಗದ ಹಾಗೆ ಕಟ್ಟಿದರೆ ಕುರಿ ಗೆದ್ದಂತೆ.

ಇಷ್ಟು ಯಾರು ಬೇಕಾದರೂ ಕಲಿಯುತ್ತಾರೆ. ನಾನು ಬರೆಯಬೇಕೆಂದಿದ್ದು ಮೊಮ್ಮಗಳ ಅರಿಶಿಣದ ಹಿಂದಿನ ದಿನ ಆಡಿದ ಆಟದ ಬಗ್ಗೆ.

ಭಾತಂಬ್ರಾದಲ್ಲಿ ನನ್ನ ಮನೆಗೂ ನನ್ನ ನೆಗೆಣ್ಣಿಯ ಮನೆಗೂ ನಡುವೆ ಒಂದೇ ಗೋಡೆ. ಅವಳು ನನ್ನ ಮೈದುನನ ಹೆಂಡತಿ. ಹೋದ ಸಲ ತೊಗರಿ ರಾಶಿ ಮಾಡಿದಾಗ ಕಾಳಿನ ಕೆಳಗೆ ಹಾಸುವ ಒಂದು ತಾಡಪತ್ರಿಯ ಸಲುವಾಗಿ ಮಾತು ಬಿಟ್ಟೆವು. ಅದು ತನ್ನದೆಂದು ಅವಳು, ನನ್ನದೆಂದು ನಾನು. ಯಾರದೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಓದಿಸಿಕೊಂಡು ಮತ್ತೆ ಜಗಳಕ್ಕೆ ಬರುತ್ತಾಳೆ.

ಮೊಮ್ಮಗಳು ಬೀದರದ ಆಸ್ಪತ್ರೆಯಲ್ಲಿ ನರ್ಸ್, ನೌಬಾದದಲ್ಲಿ ಬಾಡಿಗೆಗೆ ಖೋಲಿ ಮಾಡಿಕೊಂಡಿದ್ದಳು. ಗಂಡು ಔರಾದದವನು. ನಮ್ಮ ಮನೆತನದಲ್ಲಿ ಅರಿಶಿಣವನ್ನು ಅಂಗಡಿಯಿಂದ ತರುವುದಿಲ್ಲ. ಮನೆಯ ಇಬ್ಬರು ಹಿರಿಯ ಹೆಂಗಸರು ಬೀಸುಕಲ್ಲಿನ ಗೂಟಕ್ಕೆ ಎದುರುಬದುರು ಕೈ ಹಾಕಿ, ಹಾಡುತ್ತ ಬೀಸಬೇಕು. ಒಬ್ಬಳು ಎತ್ತಿದ ಸಾಲನ್ನು ಇನ್ನೊಬ್ಬಳು ಮುಗಿಸಬೇಕು. ಬುದ್ಧವಿಹಾರಕ್ಕೆ ಹೋಗುವವರು ನಾವು, ವಿಧವೆ ಮುತ್ತೈದೆ ಎಂದು ನೋಡುವುದಿಲ್ಲ. ಆದರೆ ಮಾತು ಬಿಟ್ಟವರು ಹಾಡುವುದು ಹೇಗೆ? ಹುಡುಗಿಯನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವಳು ನೆಗೆಣ್ಣಿಯೇ. ಹುಡುಗಿಗೆ ನಾನು ಆಯಿ, ಅವಳು ಸಣ್ಣಾಯಿ. ಸಣ್ಣಾಯಿ ಬೀಸದಿದ್ದರೆ ಅರಿಶಿಣವೇ ಬೇಡ ಎಂದು ಹುಡುಗಿ ಕೂತಳು. ನನ್ನ ಮಗ ಹೋಗಿ ಕರೆದ, ಅವಳು ಬರಲಿಲ್ಲ. ನಾನು ಕರೆಯಲಿಲ್ಲ.

ಸಂಜೆ ಹುಡುಗಿಯೇ ಹೋಗಿ, ತನಗೆ ಹುಲಿಮನಿ ಕಲಿಸೆಂದು ಅವಳನ್ನು ಕರೆತಂದು ನನ್ನ ಕಟ್ಟೆಯ ಮೇಲೆ ಕೂರಿಸಿದಳು. ಮನೆ ಬರೆದು, ಕಲ್ಲನ್ನು ನನ್ನ ಮುಂದೆ, ಬೀಜವನ್ನು ಅವಳ ಮುಂದೆ ಇಟ್ಟಳು.

"ಮಾತಾಡಬ್ಯಾಡ್ರಿ. ಆಡ್ರಿ, ನಾ ನೋಡಿ ಕಲಿತೇನಿ" ಅಂದಳು.

ನೆಗೆಣ್ಣಿ ಬೀಜ ಇಡತೊಡಗಿದಳು. ಹೊಸಬರು ನಡುವೆ ಇಟ್ಟು ಕುರಿ ಕಳೆದುಕೊಳ್ಳುತ್ತಾರೆ. ಅವಳು ಅಂಚು ಹಿಡಿದು ಕೆಳಗಿನ ಗೆರೆಯಿಂದ ಇಟ್ಟಳು, ಅಲ್ಲಿ ಜಿಗಿಯಲು ಹಿಂದೆ ಜಾಗವೇ ಇರುವುದಿಲ್ಲ. ಆದರೂ ಎರಡು ಕುರಿ ತಿಂದೆ.

"ನಿಮ್ಮ ಆಯಿಗಿ ಹೇಳವಾ, ಸಾವಕಾಶ ತಿನ್ನು ಅಂತ. ಹಲ್ಲಿಲ್ಲದ ಹುಲಿ ಅದು" ಅಂದಳು ನೆಗೆಣ್ಣಿ ಹುಡುಗಿಗೆ.

"ನಿಮ್ಮ ಸಣ್ಣಾಯಿಗಿ ಹೇಳು, ಕುರಿ ಕಾಯೂದು ಮೊದಲಿಂದೂ ಆಕಿಗಿ ಬಂದಿಲ್ಲ."

ಹುಡುಗಿ ಸತ್ತ ಕುರಿಯ ಬೀಜಗಳನ್ನು ಬದಿಗಿಟ್ಟಳು.

ನೆಗೆಣ್ಣಿ ಮೂಲೆಯ ಹತ್ತಿರ ಒಂದು ಕುರಿಯನ್ನು ಒಂಟಿಯಾಗಿ ಬಿಟ್ಟಳು. ಬೇಕೆಂದೇ ಬಿಟ್ಟಿದ್ದಾಳೆಂದು ನನಗೆ ಗೊತ್ತಾಯಿತು. ಆದರೂ ತಿಂದೆ. ಹುಲಿ ಹಿಡಿದವರ ಚಟ ಅದು, ಕಂಡ ಕುರಿಯನ್ನು ಬಿಡಲಾಗುವುದಿಲ್ಲ. ಮೂಲೆಗೆ ಇಳಿದ ಹುಲಿಯ ದಾರಿಗೆ ಅವಳು ಬೀಜ ಇಟ್ಟು ಮುಚ್ಚಿದಳು, ಅದು ಅಲ್ಲಿಂದ ಏಳಲಿಲ್ಲ. ಮಿಕ್ಕ ಬೀಜಗಳನ್ನೆಲ್ಲ ಅವಳು ಇನ್ನೆರಡು ಹುಲಿಗಳ ಮೇಲೆ ನೂಕಿದಳು. ಕೊನೆಗೆ ನನಗೆ ಇಡಲು ಹೆಜ್ಜೆ ಉಳಿಯಲಿಲ್ಲ.

ಈ ಆಟದಲ್ಲಿ ಒಂದು ಕಟ್ಟಳೆಯಿದೆ. ಕಟ್ಟಿದವರು ಎದುರಿನವರ ಮುಖ ನೋಡಿ 'ಕಟ್ಟೀನಿ' ಅನ್ನಬೇಕು. ಅನ್ನದಿದ್ದರೆ ಹುಲಿಯವರು ಒಂದು ಕುರಿಯನ್ನು ಎತ್ತಿ ಹಾಕಿ ದಾರಿ ಮಾಡಿಕೊಳ್ಳಬಹುದು.

"ನಿಮ್ಮ ಆಯಿಗಿ ಹೇಳು, ಕಟ್ಟೀನಂತ" ಅಂದಳು ನೆಗೆಣ್ಣಿ.

"ನಾ ಹೇಳಿದ್ರ ನಡೀತದೇನು ಸಣ್ಣಾಯಿ?" ಅಂದಳು ಹುಡುಗಿ.

ನಡೆಯುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ನಾನು ಮೂಲೆಯ ಬೀಜಕ್ಕೆ ಕೈ ಹಾಕಿದೆ.

ಅವಳು ನನ್ನ ಕೈ ಮೇಲೆ ಫಟ್ಟನೆ ಹೊಡೆದಳು. "ಕೈ ತಗಿ ಅಕ್ಕಾ. ಕಟ್ಟೀನಿ."

"ಕಟ್ಟಿದಿ ಬಿಡು."

"ತಾಡಪತ್ರಿ ನಂದೇ."

"ಹೇಳ್ತಾ ಇರು."

ಇಷ್ಟೇ ಮಾತು. ಹುಡುಗಿ ಬೀಜ ಆರಿಸಿಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸಿ ಕೂತಿದ್ದಳು.

"ಮುಂಜಾನಿ ಎಷ್ಟೊತ್ತಿಗಿ ಬೀಸೂದು?" ಎಂದು ನೆಗೆಣ್ಣಿ ನನ್ನನ್ನೇ ಕೇಳಿದಳು.

"ಬಿಸಲು ಏರೂದ್ರೊಳಗ. ನೀ ಬಂದ್ರ."

"ಬರ್ತೇನಿ. ಹುಡುಗಿ ಮಾರಿ ನೋಡಿ ಬರ್ತೇನಿ, ನಿನ್ನ ಮಾರಿ ನೋಡಿ ಅಲ್ಲ."

ಮುಂಜಾನೆ ಬಂದಳು. ಗೂಟಕ್ಕೆ ಕೈ ಹಾಕಿ ಸಾಲು ಎತ್ತಿದಳು, ನಾನು ಮುಗಿಸಿದೆ. ಅವಳು ಜೋರಾಗಿ ತಿರುಗಿಸುತ್ತಾಳೆ, ನಾನು ನಿಧಾನ. ಅರಿಶಿಣ ಒರಟಾಗಿ ಬಿತ್ತು, ಎರಡು ಸಲ ಜರಡಿ ಹಿಡಿಯಬೇಕಾಯಿತು. ಹುಡುಗಿಗೆ ಅದನ್ನೇ ಹಚ್ಚಿದೆವು.