ಕನಕರಾಜು ಕರೆಯುವ ರೀತಿ

ಗುಂಡ್ಲುಪೇಟೆಯ ಕಚೇರಿಗೆ ಇ-ಮೇಲು, ಕ್ಯಾಲೆಂಡರು ಎರಡೂ ಇರುವ ಹೊಸ ಸಾಫ್ಟ್‌ವೇರ್ ಬಂದಿದೆ. ಬಳಸಿ ನೋಡಿ, ಹೇಗಿದೆಯೆಂದು ಚಾಮರಾಜನಗರದ ಜಿಲ್ಲಾ ಕಚೇರಿಗೆ ತಿಳಿಸುವ ಕೆಲಸ ಹೆಡ್ ಕ್ಲರ್ಕ್ ಕನಕರಾಜು ಅವರದು. ಕನಕರಾಜು ಯಾವುದನ್ನೂ ಸುಮ್ಮನೆ ಒಪ್ಪುವ ಆಸಾಮಿಯಲ್ಲ, ಸಂತೆಯ ಬದನೆಕಾಯಿಯನ್ನೂ ತಿರುಗಿಸಿ ತಿರುಗಿಸಿ ನೋಡಿಯೇ ಚೀಲಕ್ಕೆ ಹಾಕುವವರು. ತಮಗೆ ತಾವೇ ಮೇಲ್ ಕಳಿಸಿಕೊಂಡು, ‘ತಲುಪಿದೆ, ವಂದನೆಗಳು’ ಎಂದು ತಮಗೇ ಉತ್ತರ ಬರೆಯುತ್ತಾರೆ. ಸಂಜೆ ಬಸ್ಸಿನ ಹೊತ್ತಿಗೆ ಎಚ್ಚರಿಸಲು ಕ್ಯಾಲೆಂಡರಿಗೆ ಹೇಳಿಟ್ಟು, ಅದು ಟಿಣ್ ಎನ್ನುವ ಮೊದಲೇ ಚೀಲ ಹೆಗಲಿಗೇರಿಸಿ ನಿಂತು, ‘ನಂಗೊತ್ತಿಲ್ವಾ, ಬುಡು!’ ಎಂದು ಗದರುತ್ತಾರೆ. ಒಂದು ಗುಂಡಿ ಒತ್ತಿದರೆ ಎಲ್ಲರನ್ನೂ ಮೀಟಿಂಗಿಗೆ ಕರೆಯಬಹುದೆಂಬುದು ಅವರಿಗೆ ಬಹಳ ಹಿಡಿಸಿದೆ. ಒತ್ತುತ್ತಾರೆ, ಒತ್ತಿದವರೇ ಎದ್ದು ಒಂದೊಂದು ಮೇಜಿಗೂ ಹೋಗಿ, ‘ಕಂಪ್ಯೂಟ್ರಲ್ಲಿ ಕರ್ದಿವ್ನಿ, ಬಂದ್ಬುಡಿ’ ಎಂದು ಕೈಮುಗಿಯುತ್ತಾರೆ. ‘ಬಂದದಲ್ಲ ಸಾರ್, ನೀವ್ಯಾಕೆ ಮತ್ತೆ ಎದ್ ಬಂದ್ರಿ?’ ಎಂದು ಪಕ್ಕದ ಮೇಜಿನ ರಮ್ಯ ನಕ್ಕರೆ, ‘ಅದು ಬಂದದೆ ಕಣಮ್ಮ, ನಾನು ಬರ್ಬೇಕಲ್ವಾ?’ ಎನ್ನುತ್ತಾರೆ. ಹಿಂದೊಮ್ಮೆ ಹಂಗಳದಲ್ಲಿರುವ ಅವರ ತಂಗಿ ತನ್ನ ಮಗಳ ಮದುವೆಗೆ ಲಗ್ನಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿ ಸುಮ್ಮನಾಗಿದ್ದಳು. ಮದುವೆಯ ದಿನ ಹುಡುಗಿಯ ಸೋದರಮಾವ ಕನಕರಾಜು, ಈಗಲಾದರೂ ಯಾರಾದರೂ ಬಂದು ಕರೆದಾರೆಂದು ಹೊಸ ಪಂಚೆ ಉಟ್ಟು, ಮುಹೂರ್ತ ಮೀರುವವರೆಗೂ ತಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದರು.